ಕಾವಲು ನಮ್ದು, ಬೆಲ್ಟು ಅವರ್ದು



ಹೋದ ವಾರ ನಮ್ಮ ಕೇರಿಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಹೋಂಗಾರ್ಡಿಗೆ ಕರೀತಾವ್ರೆ, ಸೇರ್ಕೊಳ್ಲಾ? ಇಲ್ಲ ಕಾನ್‌ಸ್ಟೇಬಲ್ ಪರೀಕ್ಷೆಗೇ ಓದ್ಲಾ?" ಅವನ ಪಕ್ಕದಲ್ಲಿದ್ದ ಇನ್ನೊಬ್ಬ ನಡುವೆ ಬಾಯಿ ಹಾಕಿದ: "ನಮ್ಮೋರ ಮೇಲೇ ಲಾಠಿ ಬೀಸೋ ಕೆಲ್ಸ ನಿಂಗ್ಯಾಕ್ಲಾ?" ಎರಡೂ ಸರಿಯಾದ ಪ್ರಶ್ನೆಗಳೇ. ಫೋನಲ್ಲಿ ಪೂರ್ತಿ ಹೇಳೋಕಾಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಓದಿ.

ನಮ್ಮ ತಾತ ಊರಿನ ತೋಟಿ. ರಾತ್ರಿ ಊರು ಸುತ್ತೋದು, ಹೆಣ ಬಿದ್ದರೆ ಕಾಯೋದು, ಕಳ್ಳನ್ನ ಹಿಡಿದರೆ ಠಾಣೆವರೆಗೆ ನಡೆಸಿಕೊಂಡು ಹೋಗೋದು, ದಫೇದಾರರು ಬಂದರೆ ಅವರ ಗಂಟುಮೂಟೆ ಹೊರೋದು ಎಲ್ಲಾ ಅವರ ಪಾಲು. ಇಷ್ಟೆಲ್ಲಾ ಮಾಡಿ ಚಾವಡಿಯ ಹೊರಗೇ ನಿಲ್ಲಬೇಕಿತ್ತು. ಸುಗ್ಗಿಯಲ್ಲಿ ಕಣದ ಮೂಲೇಲಿ ನಿಂತು ಆಯ ಕೇಳಬೇಕಿತ್ತು. ಕೊಟ್ಟರೆ ಉಂಟು. ಈಗ ಪೊಲೀಸರು ಮಾಡೋ ಕೆಲಸದಲ್ಲಿ ಅರ್ಧ ಆಗ ನಮ್ಮ ತಾತಂದಿರೇ ಮಾಡ್ತಿದ್ದರು. ಆದರೆ ಅದಕ್ಕೆ ಸಂಬಳ ಇಲ್ಲ, ಯೂನಿಫಾರ್ಮ್ ಇಲ್ಲ, ರಜೆ ಇಲ್ಲ, "ಬೇಡ" ಅನ್ನೋ ಹಕ್ಕೂ ಇಲ್ಲ.

1857ರ ದಂಗೆಯಾದ ಮೇಲೆ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಸಂಬಳದ ಪೊಲೀಸ್ ಬಂತು. ಗಲಾಟೆ ಸಮಯದಲ್ಲಿ ಊರಿನವರನ್ನೇ 'ವಿಶೇಷ ಪೊಲೀಸ್' ಆಗಿ ನೇಮಿಸೋಕೂ ಅದರಲ್ಲಿ ಅವಕಾಶ ಇತ್ತು. ಸಕಾರಣ ಇಲ್ಲದೆ ಆಗಲ್ಲ ಅಂದೋನಿಗೆ 50 ರೂಪಾಯಿವರೆಗೆ ದಂಡ! ದಂಡದ ಹೆದರಿಕೆ ಇಟ್ಟು ಮಾಡಿಸೋದು ಎಂಥ ಸ್ವಯಂಸೇವೆ?

ಸಂಬಳದ ಪೊಲೀಸ್ ಬಂದಾಗ ಕೇರಿಯ ಕಾವಲುಗಾರನಿಗೆ ಆ ಬೆಲ್ಟು ಸಿಕ್ಕಿತಾ? ಮುಂಬೈ ಪ್ರಾಂತ್ಯದ ಕಥೆ ನೋಡಿ. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಆಗ ಅದರೊಳಗೇ ಇದ್ದವು. ಅಲ್ಲಿಯ ಮಹಾರರು ಬ್ರಿಟಿಷ್ ಸೈನ್ಯದಲ್ಲಿ ದುಡಿದಿದ್ದರು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಅವರೇ ಸುಬೇದಾರರು. ಆಮೇಲೆ 1890ರ ದಶಕದಲ್ಲಿ ಸೈನ್ಯದ ಬಾಗಿಲು ಮುಚ್ಚಿದರು. 1910ರಲ್ಲಿ ಪುಣೆಯ ಶಿವರಾಮ್ ಜಾನ್‌ಬಾ ಕಾಂಬ್ಳೆ ಮತ್ತು ಅವರ ಸಂಗಡಿಗರು ಲಂಡನ್ನಿನಲ್ಲಿದ್ದ ಭಾರತ ಮಂತ್ರಿಗೆ ಮನವಿ ಬರೆದರು. ಏನು ಕೇಳಿದ್ದರು ಗೊತ್ತಾ? ದೊಡ್ಡ ಅಧಿಕಾರ ಅಲ್ಲ. ಸರ್ಕಾರಿ ನೌಕರಿಯ ಕೆಳಗಿನ ಹುದ್ದೆಗಳು, ಪೊಲೀಸ್ ಪೇದೆ ಕೆಲಸ, ಸೈನ್ಯದಲ್ಲಿ ಸಿಪಾಯಿ ಕೆಲಸ. ಇಷ್ಟೇ. ಪೇದೆ ಆಗೋಕೆ ಲಂಡನ್ನಿಗೆ ಅರ್ಜಿ ಹಾಕಬೇಕಾಗಿತ್ತು ನಮ್ಮೋರು.

1928ರಲ್ಲಿ ಬಾಬಾಸಾಹೇಬರು ಎರಡು ಕೆಲಸ ಮಾಡಿದರು. ಸೈನ್ಯಕ್ಕೂ ಪೊಲೀಸಿಗೂ ನಮ್ಮೋರನ್ನ ಸೇರಿಸಿಕೊಳ್ಳಬೇಕು ಅಂತ ಸೈಮನ್ ಆಯೋಗದ ಮುಂದೆ ಕೇಳಿದ್ದು ಒಂದು. ಮಹಾರ್ ವತನದ ಮಸೂದೆಯನ್ನು ಮುಂಬೈ ಶಾಸನ ಪರಿಷತ್ತಿನಲ್ಲಿ ಮಂಡಿಸಿದ್ದು ಇನ್ನೊಂದು. ಹಗಲೂ ರಾತ್ರಿ ಸರ್ಕಾರದ ಚಾಕರಿ ಮಾಡಿಸಿಕೊಂಡು ಕೂಲಿಯನ್ನ ಊರಿನವರ ದಯೆಗೆ ಬಿಡೋ ಪದ್ಧತಿಯ ವಿರುದ್ಧ ಇತ್ತು ಆ ಮಸೂದೆ. ಎರಡನ್ನೂ ಒಟ್ಟಿಗೆ ಓದಿ. ಬಿಟ್ಟಿ ಕಾವಲು ಬಿಡಿಸಿ, ಸಂಬಳದ ಕಾವಲು ಕೊಡಿ ಅಂತ ಅವರು ಕೇಳಿದ್ದು.

ಯಾಕೆ ಅನ್ನೋದಕ್ಕೆ ಉತ್ತರ 1930ರ ಸ್ಟಾರ್ಟ್ ಸಮಿತಿ ವರದಿಯಲ್ಲಿದೆ. ಬಾಬಾಸಾಹೇಬರೂ ಆ ಸಮಿತಿಯ ಸದಸ್ಯರು. ನಮ್ಮೋರು ಒಳ್ಳೆ ಬಟ್ಟೆ ಹಾಕಿದರೆ, ಜಮೀನು ಕೊಂಡರೆ, ಮದುಮಗನನ್ನ ಕುದುರೆ ಮೇಲೆ ಕೂರಿಸಿದರೆ ಊರಿನವರು ಬಹಿಷ್ಕಾರ ಹಾಕ್ತಿದ್ದರು, ಆಗ ಊರಚಾಕರಿಯ ಕೂಲಿಯನ್ನೂ ನಿಲ್ಲಿಸ್ತಿದ್ದರು ಅಂತ ಅದರಲ್ಲಿ ಬರೆದಿದೆ. ಅಂದರೆ ನಿನ್ನ ಅನ್ನ ಊರಗೌಡನ ಕಣದಲ್ಲಿದ್ದರೆ ನೀನು ತಲೆ ಎತ್ತೋಕಾಗಲ್ಲ. ಅದೇ ಅನ್ನ ಸರ್ಕಾರದ ಖಜಾನೆಯಿಂದ ತಿಂಗಳಿಗೊಮ್ಮೆ ಬಂದರೆ ಎತ್ತಬಹುದು. 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ ಅನ್ನೋದನ್ನ ನೆನಪಿಡಿ. ನಮ್ಮ ರಾಜ್ಯದಲ್ಲಿ ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಚಾಕರಿ ಕಾನೂನಿನಲ್ಲಿ ರದ್ದಾಗೋಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬರಬೇಕಾಯ್ತು.

ಈಗ ಹುಡುಗನ ಮೊದಲನೇ ಪ್ರಶ್ನೆಗೆ ಬರೋಣ. ಹೋಂಗಾರ್ಡ್ ದಳ 1946ರ ಡಿಸೆಂಬರಿನಲ್ಲಿ ಮುಂಬೈನಲ್ಲಿ ಶುರುವಾಯ್ತು. ನಮ್ಮಲ್ಲಿ 1962ರಲ್ಲಿ ಕಾಯ್ದೆ ಬಂತು. ಜಾತ್ರೆ, ಎಲೆಕ್ಷನ್, ಟ್ರಾಫಿಕ್, ಪ್ರವಾಹ ಎಲ್ಲದಕ್ಕೂ ಅವರೇ ಬೇಕು. ದಾಖಲೆಯಲ್ಲಿ ಮಾತ್ರ ಅವರು 'ಸ್ವಯಂಸೇವಕರು'. ಡ್ಯೂಟಿ ಹಾಕಿದ ದಿನಕ್ಕೆ ಭತ್ಯೆ, ಇಲ್ಲದ ದಿನ ಏನೂ ಇಲ್ಲ, ಪಿಂಚಣಿಯೂ ಇಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಇವರನ್ನ ಖಾಯಂ ಮಾಡಿ ಅನ್ನಲಿಲ್ಲ. ಆದರೆ 30 ದಿನದ ಭತ್ಯೆ ಕೂಡಿಸಿದರೆ ಪೊಲೀಸರ ಕನಿಷ್ಠ ವೇತನದಷ್ಟಾದರೂ ಆಗಬೇಕು ಅಂತ ಹೇಳಿತು. ಆ ತೀರ್ಪು ಪ್ರತಿ ಹೋಂಗಾರ್ಡ್ ಬಾಯಲ್ಲಿರಬೇಕು. ದಿನಗೂಲಿಯೇ ಗತಿ ಅನ್ನೋ ಮನೆಗೆ ಈ ಭತ್ಯೆ ಸಣ್ಣದಲ್ಲ, ಡ್ರಿಲ್ಲು ಶಿಸ್ತು ಕಲಿಯೋಕೂ ಆಗುತ್ತೆ. ಸೇರಬೇಡ ಅನ್ನಲ್ಲ ನಾನು. ಅಲ್ಲೇ ಉಳಿದುಬಿಡಬೇಡ ಅಂತೀನಿ.

ಎರಡನೇ ಪ್ರಶ್ನೆ ಕಷ್ಟದ್ದು. ಕಂಬಾಲಪಲ್ಲಿ ಮರೆತೋರು ಯಾರೂ ಇಲ್ಲ. 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಖಾಕಿ ಮೇಲೆ ನಂಬಿಕೆ ಇಲ್ಲ ಅನ್ನೋರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ರಾತ್ರಿ ಹನ್ನೊಂದು ಗಂಟೆವರೆಗೆ ಒಂದು ಠಾಣೆ ಬಾಗಿಲಲ್ಲಿ ದೂರು ಹಿಡಿದು ಕೂತಿದ್ದೋನೇ. "ರಾಜಿ ಮಾಡ್ಕೊಳ್ಳಿ ಹೋಗಿ" ಅನ್ನಿಸಿಕೊಂಡೋನೇ.

ಆದರೆ ಅವತ್ತು ಗೊತ್ತಾಗಿದ್ದು ಇದು: 1989ರ ದೌರ್ಜನ್ಯ ತಡೆ ಕಾಯ್ದೆ ದಿಲ್ಲಿಯಲ್ಲಿ ಪಾಸಾಗಿರಬಹುದು, ಜೀವ ಬರೋದು ಠಾಣೆಯ ಮೇಜಿನ ಮೇಲೆ. ಬಾಯಿಮಾತಿನ ದೂರನ್ನ ಬರೆದುಕೊಂಡು, ಓದಿ ಹೇಳಿ, ಪ್ರತಿ ಕೊಡಬೇಕು ಅಂತ 4ನೇ ಕಲಮು ಹೇಳುತ್ತೆ. ಆ ಪೆನ್ನು ಹಿಡಿಯೋ ಕೈ ಯಾರದು ಅನ್ನೋದು ಮುಖ್ಯ. ನಮ್ಮೋನು ಕೂತ ತಕ್ಷಣ ಎಲ್ಲಾ ಸರಿಹೋಗಲ್ಲ. ಬೆಲ್ಟು ಹಾಕಿದ ಮೇಲೆ ಕೇರಿ ಮರೆತೋರನ್ನೂ ನೋಡಿದೀವಿ. ಅಷ್ಟಕ್ಕೆ ಕುರ್ಚಿಯನ್ನೇ ಬಿಟ್ಟುಕೊಟ್ಟರೆ 1910ರಲ್ಲಿ ಅರ್ಜಿ ಬರೆದ ಹಿರಿಯರಿಗೆ ನಾವು ಏನು ಹೇಳೋದು?

ಅದಕ್ಕೇ ತಮ್ಮಾ, ನನ್ನ ಉತ್ತರ ಇದು. ಎಸ್‌ಎಸ್‌ಎಲ್‌ಸಿ ಆಗಿದ್ದರೆ ಸಶಸ್ತ್ರ ಮೀಸಲು ಪಡೆ, ಪಿಯುಸಿ ಆಗಿದ್ದರೆ ಸಿವಿಲ್ ಕಾನ್‌ಸ್ಟೇಬಲ್, ಡಿಗ್ರಿ ಮುಗಿದಿದ್ದರೆ ಪಿಎಸ್‌ಐ. ಓದು, ಬೆಳಿಗ್ಗೆ ಎದ್ದು 1600 ಮೀಟರ್ ಓಡು. ಪಿಎಸ್‌ಐ ನೇಮಕದ 545 ಹುದ್ದೆಗಳ ಹಗರಣ ನೋಡಿದೀವಿ, 2022ರಲ್ಲಿ ಆ ಪರೀಕ್ಷೆಯೇ ರದ್ದಾಯ್ತು. ದುಡ್ಡು ಕೇಳೋ ದಲ್ಲಾಳಿ ಬಂದರೆ ಬಾಗಿಲಲ್ಲೇ ನಿಲ್ಲಿಸು. ಅಲ್ಲೀವರೆಗೆ ಮನೆ ನಡೀಬೇಕಂದ್ರೆ ಹೋಂಗಾರ್ಡಿಗೂ ಹೋಗು, ಪುಸ್ತಕ ಚೀಲದಲ್ಲಿರಲಿ.

ಮುಂದೆ ಯೂನಿಫಾರ್ಮ್ ಹಾಕಿದ ದಿನ ಮುದುಕಿಯೊಬ್ಬಳು ದೂರು ಹೇಳೋಕೆ ಠಾಣೆಗೆ ಬಂದು ಬಾಗಿಲ ಹೊರಗೇ ನಿಂತಿರ್ತಾಳೆ. ನಿಮ್ಮ ತಾತನೂ ನನ್ನ ತಾತನೂ ನಿಲ್ತಿದ್ದದ್ದು ಅಲ್ಲೇ. ಅವಳನ್ನ ಒಳಗೆ ಕರೆದು ಕುರ್ಚಿ ಕೊಡು. ಆಮೇಲೆ ಪೆನ್ನು ತಗೋ.

ಜೈಭೀಮ್.