ಕ್ಯಾಮೆರಾಕ್ಕೆ ತಕ್ಕ ಕಸುಬು

ಒಳ್ಳೆಯ ಕ್ಯಾಮೆರಾ ಕೊಂಡರೆ ಕೆಲಸ ಹುಡುಕಿಕೊಂಡು ಬರುತ್ತದೆ ಎಂದು ನಂಬುವವರು ಬಹಳ. ಛಾಯಾಗ್ರಹಣ ಕಸುಬಾಗಿ ಬೆಳೆದ ಬಗೆಯನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಬದುಕು ಕಟ್ಟಿಕೊಂಡವರು ಕೈಯಲ್ಲಿದ್ದ ಉಪಕರಣದ ಮಿತಿಯನ್ನು ಅರಿತು, ಆ ಮಿತಿ ಅಡ್ಡಬರದ ಕೆಲಸ ಆರಿಸಿಕೊಂಡವರು. ಲಿನ್ನಿಯಸ್ ಟ್ರೈಪ್ ಎಂಬ ಬ್ರಿಟಿಷ್ ಸೇನಾಧಿಕಾರಿ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದಾಗ ಬಳಸಿದ್ದು ಕಾಗದದ ನೆಗೆಟಿವ್. ಅದಕ್ಕೆ ಬೆಳಕು ತಾಕಲು ಬಹಳ ಹೊತ್ತು ಬೇಕು. ಅಷ್ಟು ಹೊತ್ತು ಮನುಷ್ಯರು ಅಲುಗದೆ ನಿಲ್ಲಲಾರರು, ಹೊಯ್ಸಳರ ಕಲ್ಲು ನಿಲ್ಲುತ್ತದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದದ್ದೂ ಹೀಗೆಯೇ. ಆಗಿನ ಗಾಜಿನ ಪ್ಲೇಟನ್ನು ಹಸಿಯಿರುವಾಗಲೇ ಸಂಸ್ಕರಿಸಬೇಕಾಗಿದ್ದರಿಂದ ಕತ್ತಲ ಡೇರೆಯನ್ನೂ ರಾಸಾಯನಿಕಗಳನ್ನೂ ಹೊತ್ತು ತಿರುಗಬೇಕಿತ್ತು. ಮೇಣ ಹಚ್ಚಿದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬಹುದಿತ್ತು. ಪಾಳುಪಟ್ಟಣ ಸುತ್ತುವವನಿಗೆ ಅದೇ ಅನುಕೂಲ.

ಹೊಂದಾಣಿಕೆಯೊಂದೇ ಅನ್ನ ಕೊಡುವುದಿಲ್ಲ ಎಂಬುದಕ್ಕೂ ಟ್ರೈಪ್ ಸಾಕ್ಷಿ. 1856ರಲ್ಲಿ ಮದ್ರಾಸ್ ಸರ್ಕಾರ ಅವನನ್ನು ಅಧಿಕೃತ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಕೆಲವೇ ವರ್ಷಗಳಲ್ಲಿ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಇದು ದುಬಾರಿ ಶೋಕಿ ಎಂದು ಬಗೆದು ಆ ಕೆಲಸವನ್ನೇ ನಿಲ್ಲಿಸಿದ. ಚಿತ್ರಗಳಲ್ಲಿ ಕುಂದಿರಲಿಲ್ಲ, ಹಣ ಕೊಡುವವನು ಹಿಂದೆ ಸರಿದಿದ್ದ. ಪ್ಯಾರಿಸಿನ ಡಿಸ್ಡೇರಿಯ ಪಾಡು ಇದಕ್ಕಿಂತ ಕಟು. ಹಲವು ಲೆನ್ಸ್‌ಗಳ ಕ್ಯಾಮೆರಾದಿಂದ ಒಂದೇ ಪ್ಲೇಟಿನ ಮೇಲೆ ಹಲವು ಪುಟ್ಟ ಭಾವಚಿತ್ರ ತೆಗೆಯುವ ವಿಧಾನಕ್ಕೆ ಆತ 1854ರಲ್ಲಿ ಪೇಟೆಂಟ್ ಪಡೆದ. ಬೆಲೆ ಇಳಿಯಿತು, ಮಧ್ಯಮವರ್ಗ ಸ್ಟುಡಿಯೊಗಳಿಗೆ ಮುಗಿಬಿತ್ತು. ಆದರೆ ಅದೇ ಬಗೆಯ ಕ್ಯಾಮೆರಾ ಎಲ್ಲರ ಕೈಗೂ ಬಂದಾಗ ಅವನ ಹೆಚ್ಚುಗಾರಿಕೆ ಕರಗಿತು. 1889ರಲ್ಲಿ ಬಡತನದಲ್ಲೇ ಸತ್ತ. ಹಾಗಾಗಿ, ನನ್ನ ಕ್ಯಾಮೆರಾಕ್ಕೆ ಯಾವ ಕೆಲಸ ಒಪ್ಪುತ್ತದೆ ಎಂದು ಕೇಳುವವರು, ಅದಕ್ಕೆ ದುಡ್ಡು ಕೊಡುವವರು ಯಾರು, ಇಂಥದೇ ಕ್ಯಾಮೆರಾ ಎಷ್ಟು ಜನರ ಬಳಿಯಿದೆ ಎಂದೂ ಕೇಳಿಕೊಳ್ಳಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಗಟ್ಟಿಗರು ಯಾವ ಕ್ಯಾಮೆರಾದಲ್ಲೂ ಯಾವ ಕೆಲಸವನ್ನೂ ಮಾಡುತ್ತಾರೆ, ಹೋಮೈ ವ್ಯಾರಾವಾಲಾ ಭಾರದ ಸ್ಪೀಡ್ ಗ್ರಾಫಿಕ್ ಹೊತ್ತೇ ದೆಹಲಿಯ ಪತ್ರಿಕಾ ಛಾಯಾಗ್ರಹಣ ಮಾಡಲಿಲ್ಲವೇ ಎನ್ನುವುದು ಮೊದಲನೆಯದು. ಅವರ ಪ್ರತಿಭೆ ನಿಜ. ಆದರೆ ಅವರು ಹೆಚ್ಚಾಗಿ ತೆಗೆದದ್ದು ಸಮಾರಂಭ, ಸ್ವಾಗತ, ಪ್ರಮಾಣವಚನದಂಥ ಘಟನೆಗಳನ್ನು. ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದು ಬಹುಪಾಲು ಮೊದಲೇ ಗೊತ್ತಿರುವಲ್ಲಿ ಆ ಕ್ಯಾಮೆರಾದ ಒಂದೊಂದೇ ಹಾಳೆ ಫಿಲ್ಮ್ ಸಾಕಾಗುತ್ತದೆ. ಮದುವೆಮನೆಯ ಲೆಕ್ಕವೂ ಇಂಥದೇ. ರೋಲಿಫ್ಲೆಕ್ಸ್, ಯಾಶಿಕಾಗಳಂಥ ಜೋಡಿ ಲೆನ್ಸಿನ ಕ್ಯಾಮೆರಾದ 120 ರೋಲಿನಲ್ಲಿ ಹನ್ನೆರಡೇ ಚೌಕ ಚಿತ್ರ. ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಕೊನೆಗೆ ನೆಂಟರ ಗ್ರೂಪ್ ಫೋಟೊ ಎಂದು ಕ್ರಮ ಗೊತ್ತಿರುವ ಶಾಸ್ತ್ರಕ್ಕೆ ಅದು ಒಗ್ಗುತ್ತಿತ್ತು. ಮೂವತ್ತಾರು ಚಿತ್ರಗಳ 35 ಮಿ.ಮೀ. ರೋಲ್ ಬಂದಮೇಲೆ ಶಾಸ್ತ್ರದ ನಡುವಿನ ನಗು, ಗಡಿಬಿಡಿಗಳಿಗೂ ಆಲ್ಬಮ್‌ನಲ್ಲಿ ಜಾಗ ಸಿಕ್ಕಿತು.

ಎಲ್ಲರ ಜೇಬಿನಲ್ಲೂ ಫೋನ್ ಇರುವಾಗ ಈ ಚರ್ಚೆಗೇ ಅರ್ಥವಿಲ್ಲ ಎಂಬುದು ಎರಡನೆಯ ಆಕ್ಷೇಪ. ಡಿಸ್ಡೇರಿಯ ಕಥೆಯೇ ಇದಕ್ಕೂ ಉತ್ತರ. ಫೋನು ಕಿತ್ತುಕೊಂಡಿರುವುದು ತನ್ನಿಂದ ಆಗುವ ಕೆಲಸಗಳನ್ನು: ಪ್ರವಾಸದ ನೆನಪು, ಹುಟ್ಟುಹಬ್ಬ, ಸಾಧಾರಣ ಭಾವಚಿತ್ರ. ದೂರದ ಹಕ್ಕಿ, ಹೊಳಪು ಕಾಯ್ದುಕೊಂಡು ತೆಗೆಯಬೇಕಾದ ಒಡವೆ, ಮತ್ತೊಮ್ಮೆ ಬಾರದ ಮುಹೂರ್ತದ ಹೊಣೆ ಇನ್ನೂ ವೃತ್ತಿಯವರಲ್ಲೇ ಉಳಿದಿವೆ. ಹಳೆಯ ಡಿಜಿಟಲ್ ಎಸ್‌ಎಲ್‌ಆರ್, ಒಂದು 50 ಮಿ.ಮೀ. ಲೆನ್ಸ್ ಇರುವವರು ರಾತ್ರಿಯ ಕ್ರೀಡಾಂಗಣದಲ್ಲಿ ಸೋಲಬಹುದು; ದೀಪ ಜೋಡಿಸಿಕೊಂಡು ನೇಕಾರರ ಸೀರೆಗಳ ಕ್ಯಾಟಲಾಗ್ ತೆಗೆಯಲು ಅಷ್ಟು ಸಾಕು. ಅದಕ್ಕಿಂತ ದುಬಾರಿ ಕ್ಯಾಮೆರಾಕ್ಕೆ ಸಾಲ ಮಾಡುವ ಮೊದಲು, ಆ ಸಾಲ ತೀರಿಸುವ ಗಿರಾಕಿ ಯಾರೆಂದು ತಿಳಿದಿರಬೇಕು.