ಸಾಡೆಲರನ ಪರ್ವತದೃಶ್ಯಗಳು

ಆಂಟ್ವರ್ಪಿನ ಕೆತ್ತನೆಗಾರರ ಮನೆತನವೊಂದರಲ್ಲಿ ಸುಮಾರು 1570ರಲ್ಲಿ ಜನಿಸಿ, ಪ್ರಾಗ್ ನಗರದಲ್ಲಿ ಎರಡನೆಯ ರುಡಾಲ್ಫನೇ ಮೊದಲಾಗಿ ಮೂವರು ಚಕ್ರವರ್ತಿಗಳ ಆಸ್ಥಾನ ಕೆತ್ತನೆಗಾರನಾಗಿದ್ದು, 1629ರಲ್ಲಿ ಅಲ್ಲಿಯೇ ನಿಧನನಾದ ಫ್ಲೆಮಿಷ್ ಕಲಾವಿದ ಏಜಿಡಿಯಸ್ ಸಾಡೆಲರನು, ಚಿತ್ರಕಾರ ರೂಲಾಂಟ್ ಸಾವೆರಿಯ ಚಿತ್ರಗಳನ್ನನುಸರಿಸಿ ತಾಮ್ರಫಲಕಗಳಲ್ಲಿ ಕೊರೆದ ಭೂದೃಶ್ಯಗಳು. ನಿಸರ್ಗದ ವಿಸ್ಮಯಗಳನ್ನು ಚಿತ್ರಿಸಿ ತರುವಂತೆ ರುಡಾಲ್ಫನು ಸಾವೆರಿಯನ್ನು 1606ರ ಸುಮಾರಿಗೆ ಟಿರೋಲ್ ಪರ್ವತಪ್ರದೇಶಕ್ಕೆ ಕಳುಹಿಸಿದ್ದನು. ಬಂಡೆಗಳ ನಡುವೆ ಧುಮುಕುವ ಜಲಪಾತ, ಬಿರುಗಾಳಿಗೆ ಮುರಿದು ಬೇರು ಮೇಲಾಗಿ ಬಿದ್ದ ಮರ, ಇವುಗಳ ಮಗ್ಗುಲಲ್ಲಿ ಇರುವೆಗಳಂತೆ ಸಾಗುವ ಪಥಿಕರು ಆ ಪ್ರವಾಸದ ಫಲ.

ಬಣ್ಣದ ನೆರವಿಲ್ಲದೆ ಈ ದೃಶ್ಯಗಳ ಆಳವನ್ನು ತೋರಿದ ಕೌಶಲವು ಸಾಡೆಲರನದು. ಉಳಿಯನ್ನು ಒತ್ತಿದಲ್ಲಿ ಗೆರೆ ಅಗಲವಾಗಿ ಮಸಿಯನ್ನು ಹೆಚ್ಚು ಹಿಡಿಯುತ್ತದೆ, ಸಡಿಲಿಸಿದಲ್ಲಿ ಕೂದಲೆಳೆಯಾಗುತ್ತದೆ. ಸಮೀಪದ ತೊಗಟೆಯು ಕಪ್ಪಾಗಿ ಒರಟಾಗಿಯೂ ದೂರದ ಶಿಖರವು ಮಂಜಿನಂತೆ ತೆಳುವಾಗಿಯೂ ಕಾಣುವುದು ಇದರಿಂದಲೇ. ಇವನ್ನು ಬರೋಕ್ ಎನ್ನುವುದುಂಟಾದರೂ, ಆ ಶೈಲಿಯ ಅರುಣೋದಯಕಾಲದ ಕೃತಿಗಳೆನ್ನುವುದೇ ಹೆಚ್ಚು ಯುಕ್ತ. ಮೂಲಚಿತ್ರವನ್ನು ಕಾಣುವ ಭಾಗ್ಯ ಅರಮನೆಯ ಕೆಲವರಿಗಷ್ಟೇ ಇದ್ದ ಕಾಲದಲ್ಲಿ, ಸಾವೆರಿಯ ಕಾಡುಗಳು ಯೂರೋಪಿನ ಇತರ ಕಲಾವಿದರ ಕೈಗೆಟುಕಿದ್ದು ಇಂಥ ಫಲಕಗಳಿಂದ ಅಚ್ಚಾದ ಕಾಗದದ ಹಾಳೆಗಳ ಮೂಲಕ.