ಎರಡು ಹೆಬ್ಬೆಟ್ಟುಗಳ ನಡುವೆ: ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿ ಮತ್ತು ಚಿನ್ನದ ಗಣಿಯ ನೆರೆಯ ರಾಜಕಾರಣ

ಮೈಸೂರಿನ ಮೊದಲ ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರವಾಗಿ ಕೆ. ಸಿ. ರೆಡ್ಡಿಯವರ ಹೆಸರು ಇಂದಿಗೂ ಬಾಯಲ್ಲಿದೆ. ಆ ಹೆಸರಿನ ಮೊದಲಕ್ಷರ ಒಂದು ಊರಿನದು ಎಂಬುದು ಮಾತ್ರ ಮರೆತುಹೋಗಿದೆ. ಕ್ಯಾಸಂಬಳ್ಳಿ ಆಗ ಕೋಲಾರ ಜಿಲ್ಲೆಯ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ ತಾಲ್ಲೂಕಿನ ಹಳ್ಳಿ. ಈಗ ಕೆಜಿಎಫ್ ತಾಲ್ಲೂಕಿಗೆ ಸೇರಿದೆ. 1902ರ ಮೇ 4ರಂದು ಅಲ್ಲಿ ಹುಟ್ಟಿ, ಕಾನೂನು ಓದಿ, ರಾಜಕಾರಣಕ್ಕೆ ಬಂದ ಚೆಂಗಲರಾಯ ರೆಡ್ಡಿಯವರ ಬದುಕನ್ನು ವಿಧಾನಸಭೆಯ ಕಡೆಯಿಂದ ನೋಡಿದವರು ಹಲವರು. ಈ ಲೇಖನ ಅದನ್ನು ತಾಲ್ಲೂಕಿನ ಕಡೆಯಿಂದ ನೋಡುತ್ತದೆ. ದೇಶಕ್ಕೇ ಹೆಸರಾದ ಚಿನ್ನದ ಗಣಿಯ ಮಗ್ಗುಲಲ್ಲಿ ಬೆಳೆದ ಕಾನೂನು ಪದವೀಧರನ ರಾಜಕಾರಣ ರೈತನಿಂದ ಶುರುವಾಯಿತೇ ಹೊರತು ಗಣಿಯ ಕೂಲಿಯಿಂದ ಏಕೆ ಶುರುವಾಗಲಿಲ್ಲ ಎಂಬುದು ಇಲ್ಲಿನ ಪ್ರಶ್ನೆ.

ಒಂದು ತಾಲ್ಲೂಕು, ಎರಡು ಲೋಕ

ಈ ಸೀಮೆಯ ಹಳೆಯ ಕೇಂದ್ರ ಪಾಲಾರ್ ದಂಡೆಯ ಬೇತಮಂಗಲ. 1864ರಲ್ಲಿ ಬೆಂಗಳೂರು–ಜೋಲಾರಪೇಟೆ ರೈಲು ಓಡತೊಡಗಿದ ಮೇಲೆ ಹಳಿಯ ಪಕ್ಕದಲ್ಲಿ ಹೊಸ ಪೇಟೆಯೊಂದು ಎದ್ದಿತು. ಆಗ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರೇ ಅದಕ್ಕೆ ಬಂತು, ಕಚೇರಿಗಳೂ ಕ್ರಮೇಣ ಅಲ್ಲಿಗೇ ಬಂದವು. 1871ರಲ್ಲಿ ಲ್ಯಾವೆಲ್ ಎಂಬ ಮಾಜಿ ಸೈನಿಕ ಚಿನ್ನ ತೆಗೆದ ಹಳೆಯ ಗುಂಡಿಗಳ ಜಾಡು ಹಿಡಿದು ಈ ಕಡೆ ಬಂದ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಳನ್ನು ಕೈಗೆತ್ತಿಕೊಂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿ ಸೀಮೆಯ ಮಾರಿಕುಪ್ಪಂಗೆ ರೈಲಿನ ಕವಲು ಹೋಯಿತು. ರೆಡ್ಡಿ ಹುಟ್ಟಿದ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿಯಿತು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ.

ಹಳ್ಳಿಗಳು ಇದ್ದಂತೆಯೇ ಇದ್ದವು. ಕೆರೆ, ಬಾವಿ, ರಾಗಿ ಹೊಲ, ಕಂದಾಯದ ಕಂತು. ಮಳೆ ಕೈಕೊಟ್ಟ ವರ್ಷ ಸಾಹುಕಾರನ ಮನೆಯ ಮೆಟ್ಟಿಲು. ಮನೆಯ ಮಾತು ಹಲವೆಡೆ ತೆಲುಗು, ದಫ್ತರದ ಮಾತು ಕನ್ನಡ. ಗಣಿಯ ಲೈನ್ ಮನೆಗಳಲ್ಲಿ ಕೇಳುತ್ತಿದ್ದುದು ತಮಿಳು, ಬಂಗಲೆಗಳಲ್ಲಿ ಇಂಗ್ಲಿಷು. ಶಾಫ್ಟಿಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನಂಥ ಮದ್ರಾಸ್ ಪ್ರಾಂತದ ಜಿಲ್ಲೆಗಳಿಂದ ಬಂದವರು, ಹೆಚ್ಚಿನವರು ದಲಿತರು. ನೆಲ ಮೈಸೂರಿನದೇ ಆದರೂ ಅಲ್ಲಿ ನಡೆಯುತ್ತಿದ್ದುದು ಕಂಪನಿಯ ದರ್ಬಾರು.

ವಕಾಲತ್ತಿನ ಹೆಬ್ಬೆಟ್ಟು

ಆ ಕಾಲದ ತಾಲ್ಲೂಕು ಪೇಟೆಯಲ್ಲಿ ವಕೀಲನೆಂದರೆ ವ್ಯಾಜ್ಯ ನಡೆಸುವವನಷ್ಟೇ ಅಲ್ಲ. ಸರ್ಕಾರಕ್ಕೂ ರೈತನಿಗೂ ನಡುವಿನ ಬಾಯಿ. ಕೋರ್ಟಿನ ಜಗಲಿಯ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಪಾಲುಪಟ್ಟಿಯ ಜಗಳವನ್ನೋ ಅಡಮಾನದ ಪತ್ರವನ್ನೋ ಹೊತ್ತು ಬಂದ ರೈತ ತೆಲುಗಿನಲ್ಲಿ ಗೋಳು ಹೇಳಿಕೊಳ್ಳುತ್ತಾನೆ. ಗುಮಾಸ್ತ ಅದನ್ನು ಕನ್ನಡದಲ್ಲಿ ಬರೆಯುತ್ತಾನೆ. ಸ್ಟಾಂಪು ಅಂಟಿಸಿದ ಮೇಲೆ ಮಸಿಯ ದಿಂಡನ್ನು ರೈತನ ಮುಂದೆ ಸರಿಸುತ್ತಾನೆ. ರೈತ ಎಡಗೈ ಹೆಬ್ಬೆರಳನ್ನು ಅದ್ದಿ ವಕಾಲತ್ತು ನಾಮೆಯ ಕೊನೆಯಲ್ಲಿ ಒತ್ತಿ, ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮುಂದಿನ ವಾಯಿದೆ ಯಾವತ್ತು ಎಂದು ಕೇಳುತ್ತಾನೆ. 'ನನ್ನ ಪರವಾಗಿ ನೀವು ಮಾತಾಡಿ' ಎಂಬುದೇ ಆ ಗುರುತಿನ ಅರ್ಥ. ಪ್ರತಿನಿಧಿತ್ವ ಎಂಬ ದೊಡ್ಡ ಮಾತಿನ ಸಣ್ಣ ರೂಪ ಇದು.

ಈ ಅಭ್ಯಾಸ ಕೋರ್ಟಿನಿಂದ ಸಭೆಗೆ ದಾಟುವುದು ಸಹಜವಾಗಿತ್ತು. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಿಂದಿನದು. ನ್ಯಾಯವಿಧಾಯಕ ಸಭೆ 1907ರದು. ಕೆರೆಯ ತೂಬು, ರಸ್ತೆ, ಕಂದಾಯದ ರಿಯಾಯಿತಿ ಎಂದು ಅಲ್ಲಿ ಸದಸ್ಯರು ಮಂಡಿಸುತ್ತಿದ್ದುದೂ ಒಂದು ಬಗೆಯ ಅಹವಾಲೇ. ಅಹವಾಲು ಕೇಳುವುದು ದಿವಾನರ ಮರ್ಜಿ. ಕೇಳಲೇಬೇಕಾದ, ಸಭೆಗೆ ಉತ್ತರ ಕೊಡಲೇಬೇಕಾದ ಸರ್ಕಾರ ಬೇಕೆಂಬುದು ಅದರ ಮುಂದಿನ ಹೆಜ್ಜೆ. 'ಜವಾಬ್ದಾರಿ ಸರ್ಕಾರ' ಎಂಬ ಬೇಡಿಕೆ ಹೊರಟದ್ದು ಇಲ್ಲಿಂದ.

ಕಾನೂನು ಪದವಿ ಪಡೆದ ರೆಡ್ಡಿ 1930ರಲ್ಲಿ ಕೆಲವು ಮುಖಂಡರೊಡನೆ ಪ್ರಜಾಪಕ್ಷವನ್ನು ಕಟ್ಟಿದರು. ರೈತರ ಕಷ್ಟ ಮತ್ತು ಜವಾಬ್ದಾರಿ ಸರ್ಕಾರ, ಇವೆರಡೇ ಅದರ ಮುಖ್ಯ ವಿಷಯಗಳು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಬ್ರಾಹ್ಮಣೇತರರ ವಿದ್ಯೆ, ನೌಕರಿಗಳ ಪ್ರಶ್ನೆ ಎತ್ತಿತ್ತು. ಮುಂದೆ ಎರಡೂ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. ನೌಕರಿಯ ಬೇಡಿಕೆಗೂ ಹೊಲದ ಬೇಡಿಕೆಗೂ ಗಂಟು ಬಿದ್ದದ್ದು ಹೀಗೆ.

ಗಣಿಯ ಹೆಬ್ಬೆಟ್ಟು

ಅದೇ 1930ರಲ್ಲಿ, ಅದೇ ತಾಲ್ಲೂಕಿನಲ್ಲಿ, ಇನ್ನೊಂದು ಹೆಬ್ಬೆಟ್ಟಿನ ಕಥೆ ನಡೆಯಿತು. ಗಣಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಣಿ ಮಾಡಬೇಕೆಂಬ ಕ್ರಮದ ವಿರುದ್ಧ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಹೇಳಿಕೊಳ್ಳುವಂಥ ಸಂಘಟನೆಯಿಲ್ಲದಿದ್ದರೂ ಮುಷ್ಕರ ವಾರಗಟ್ಟಲೆ ನಡೆಯಿತು.

ಇಲ್ಲಿ ಕೂಲಿಯ ದರಕ್ಕಿಂತ ಮುಂದೆ ನಿಂತದ್ದು ಮಾನದ ಪ್ರಶ್ನೆ. ಅದಿರಿನ ಕಳ್ಳತನದ ಹೆಸರಿನಲ್ಲಿ ಗಣಿಯ ಜನ ಮೊದಲೇ ತಪಾಸಣೆ, ಕಾವಲುಗಳ ನಡುವೆ ಬದುಕುತ್ತಿದ್ದರು. ಹಾಗಿರುವಾಗ ಬೆರಳಚ್ಚು ಕೊಡುವುದೆಂದರೆ ಕಳ್ಳರ ಪಟ್ಟಿಗೆ ತಾವೇ ಹೆಸರು ಬರೆಸಿದಂತೆ. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಇನ್ನೊಂದು ಗಣಿಯ ಬಾಗಿಲು ತಟ್ಟದಂತೆ ತಡೆಯುವ ಆಯುಧವೂ ಅದಾಗಬಹುದಿತ್ತು. ವಕಾಲತ್ತಿನ ಹೆಬ್ಬೆಟ್ಟು ಮನುಷ್ಯನನ್ನು ಕಕ್ಷಿದಾರನಾಗಿಸಿದರೆ ಗಣಿಯ ಹೆಬ್ಬೆಟ್ಟು ಅವನನ್ನು ಶಂಕಿತನಾಗಿಸುತ್ತಿತ್ತು.

ಪ್ರಜಾಪಕ್ಷ ಹುಟ್ಟಿದ ವರ್ಷವೇ ಮುಷ್ಕರವೂ ನಡೆಯಿತು. ಆದರೂ ಅವು ಒಂದನ್ನೊಂದು ಮುಟ್ಟದೆ ಹೋದದ್ದಕ್ಕೆ ಒಬ್ಬ ವ್ಯಕ್ತಿಯ ಉದಾಸೀನವನ್ನು ಕಾರಣ ಮಾಡುವುದು ಸುಲಭ, ಸರಿಯಲ್ಲ. ರೈತನಿಗೆ ಪಹಣಿಯಿತ್ತು, ಕಂದಾಯದ ರಸೀದಿಯಿತ್ತು; ಹಾಗಾಗಿ ಕೋರ್ಟಿನಲ್ಲೂ ಮತಪಟ್ಟಿಯಲ್ಲೂ ಅವನಿಗೆ ಒಂದಷ್ಟು ಜಾಗವಿತ್ತು. ಸಂಸ್ಥಾನದ ಸಭೆಗಳ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳ ಮೇಲೆ ನಿಂತಿತ್ತು. ಕಂಪನಿಯ ಗುಡಿಸಿಲಿನಲ್ಲಿದ್ದ ಕೂಲಿಗೆ ಇವು ಯಾವುವೂ ಇರಲಿಲ್ಲ. ವಕೀಲನ ರಾಜಕಾರಣಕ್ಕೆ ಕಕ್ಷಿದಾರ ಬೇಕು. ಕಾಗದದಲ್ಲಿ ಇಲ್ಲದವನು ಆ ರಾಜಕಾರಣದ ಕಣ್ಣಿಗೂ ಬೀಳಲಿಲ್ಲ.

ಅಹವಾಲಿನಿಂದ ಚಳವಳಿಗೆ

1937ರಲ್ಲಿ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿತು. ಅಲ್ಲಿಯವರೆಗೆ ಬಹುಮಟ್ಟಿಗೆ ಪಟ್ಟಣದ ವಿದ್ಯಾವಂತರದಾಗಿದ್ದ ಮೈಸೂರು ಕಾಂಗ್ರೆಸ್ಸಿಗೆ ಹಳ್ಳಿಯ ಬಲ ಬಂದದ್ದು ಆಗ. 1937–38ರಲ್ಲಿ ರೆಡ್ಡಿ ಅದರ ಅಧ್ಯಕ್ಷರಾದರು. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವಿನ ಒಪ್ಪಂದದಿಂದ ಕಾಂಗ್ರೆಸ್ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಜವಾಬ್ದಾರಿ ಸರ್ಕಾರ ಸಿಗಲಿಲ್ಲ.

ಅದಕ್ಕೆ 1947ರವರೆಗೆ ಕಾಯಬೇಕಾಯಿತು. 1946–47ರಲ್ಲಿ ರೆಡ್ಡಿ ಮತ್ತೆ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರು. ಸಂವಿಧಾನ ಸಭೆಯ ಸದಸ್ಯರೂ ಹೌದು. ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಆಡಳಿತ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇತ್ತು. ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಹೊರಟಿತು. ಮುಖಂಡರ ಬಂಧನವಾಯಿತು, ಸಂಸ್ಥಾನದ ಉದ್ದಗಲಕ್ಕೂ ಜನ ಬೀದಿಗಿಳಿದರು. ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಆ ತಿಂಗಳೊಳಗೇ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಬೀದಿಯಲ್ಲಿ ಗೆದ್ದದ್ದನ್ನು ಮೇಜಿನ ಮುಂದೆ ಕುಳಿತು ಕರಾರಾಗಿ ಬರೆಸಿಕೊಂಡ ರೀತಿಯಲ್ಲಿ ಕಾನೂನು ಓದಿದವರ ಕೈ ಕಾಣುತ್ತದೆ.

1952ರ ಮಾರ್ಚ್‌ವರೆಗೆ ಅವರು ಮುಖ್ಯಮಂತ್ರಿ. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟದ್ದು (13 ಜುಲೈ 1951) ಈ ಅವಧಿಯಲ್ಲೇ. ಕಟ್ಟಡಕ್ಕೆ ಈಗಿನ ಭವ್ಯ ರೂಪ ಬಂದದ್ದು ಅವರ ನಂತರದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರಿಂದ. ಬಳಿಕ ರೆಡ್ಡಿ ಕೇಂದ್ರದಲ್ಲಿ ಉತ್ಪಾದನೆ, ವಸತಿ, ವಾಣಿಜ್ಯ ಖಾತೆಗಳ ಸಚಿವರೂ ಮಧ್ಯಪ್ರದೇಶದ ರಾಜ್ಯಪಾಲರೂ ಆದರು. 1976ರಲ್ಲಿ ತೀರಿಕೊಂಡರು.

1957ರ ಎರಡು ಫಲಿತಾಂಶ

ರೆಡ್ಡಿ ಅಧಿಕಾರಕ್ಕೆ ಬರುವ ಹೊತ್ತಿಗೆ ಗಣಿಯ ಜನ ಬೇರೆ ದಾರಿ ಹಿಡಿದಿದ್ದರು. 1940ರ ದಶಕದಲ್ಲಿ ಕೆ. ಎಸ್. ವಾಸನ್ ಮೊದಲಾದ ಕಮ್ಯುನಿಸ್ಟರು ಅಲ್ಲಿ ಯೂನಿಯನ್ ಕಟ್ಟಿದರು. ಅಂಬೇಡ್ಕರ್ ಅವರ ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೂ ಅಲ್ಲಿ ನೆಲೆ ಸಿಕ್ಕಿತು. ವಯಸ್ಕರೆಲ್ಲರಿಗೂ ಮತ ಬಂದಾಗ, ಕಾಗದದಲ್ಲಿ ಇಲ್ಲದಿದ್ದವರ ಹೆಸರು ಮೊದಲ ಬಾರಿಗೆ ಮತಪಟ್ಟಿಯಲ್ಲಿ ಮೂಡಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು.

1957ರ ಚುನಾವಣೆಯಲ್ಲಿ ಕೋಲಾರ ಕ್ಷೇತ್ರ ರೆಡ್ಡಿಯವರನ್ನು ಲೋಕಸಭೆಗೆ ಕಳಿಸಿತು. ಅದೇ ವರ್ಷ ಗಣಿ ಊರು ವಿಧಾನಸಭೆಗೆ ಆರಿಸಿದ್ದು ಕಮ್ಯುನಿಸ್ಟ್ ಪಕ್ಷದ ಎಂ. ಸಿ. ನರಸಿಂಹನ್ ಅವರನ್ನು. ಅವರು ವಕೀಲರು, ಅವರ ಕಕ್ಷಿದಾರರು ಕಾರ್ಮಿಕರು. ಇಪ್ಪತ್ತೇಳು ವರ್ಷದ ಹಿಂದೆ ಬೆರಳಚ್ಚು ಕೊಡುವುದಿಲ್ಲವೆಂದು ಕೈ ಹಿಂದಕ್ಕೆ ಕಟ್ಟಿ ನಿಂತಿದ್ದ ಜನರಿಗೆ, ತಾವಾಗಿಯೇ ವಕಾಲತ್ತು ಕೊಡಬಲ್ಲ ವಕೀಲರೊಬ್ಬರು ಸಿಕ್ಕಿದ್ದರು. ಕ್ಯಾಸಂಬಳ್ಳಿಯ ರೆಡ್ಡಿ ಹೋರಾಡಿ ತಂದ ಜವಾಬ್ದಾರಿ ಸರ್ಕಾರ ಗಣಿಯವರೆಗೆ ತಲುಪಿದ್ದು ಹೀಗೆ, ಅವರ ಪಕ್ಷದ ಎದುರಾಳಿಯ ಮೂಲಕ.